ಕೀ ತೆಗೆದರೂ ನಿಲ್ಲದ ಫ್ಯಾನು

ಕೀ ಗಂಗಾಶ್ರೀಯ ಕೈಯಲ್ಲೇ ಇತ್ತು. ಎಂಜಿನ್ ನಿಲ್ಲಿಸಿ ಐದು ನಿಮಿಷವಾಗಿತ್ತು. ಆದರೂ ಬಾನೆಟ್ಟಿನೊಳಗೆ ಏನೋ ಒಂದು ಬರ್ರೋ ಎಂದು ತಿರುಗುತ್ತಲೇ ಇತ್ತು.

ಅವಳು ಕಾರನ್ನು ಶಿಕಾರಿಪುರದ ಶಿರಾಳಕೊಪ್ಪ ರಸ್ತೆಯ ಆಟೋ ಎಲೆಕ್ಟ್ರಿಕಲ್ ಅಂಗಡಿಯೊಂದರ ಮುಂದೆ ಬಿಟ್ಟು, ತಾನು ರಸ್ತೆ ದಾಟಿ ಆಚೆ ಬದಿಯಲ್ಲಿ ನಿಂತಿದ್ದಳು. ಎದೆ ಎಷ್ಟು ಜೋರಾಗಿ ಹೊಡೆದುಕೊಳ್ಳುತ್ತಿತ್ತೆಂದರೆ, ಆ ಸದ್ದು ಕಾರಿನದೋ ತನ್ನದೋ ಎಂದು ಅವಳಿಗೇ ಗೊತ್ತಾಗುತ್ತಿರಲಿಲ್ಲ.

ಅಂಗಡಿಯ ಒಳಗಿನಿಂದ ಒಬ್ಬ ಕೈ ಒರೆಸಿಕೊಳ್ಳುತ್ತಾ ಬಂದ. ಎತ್ತರದ ಆಳು, ಕಿವಿಯ ಹಿಂದೆ ಟೆಸ್ಟರ್ ಸಿಕ್ಕಿಸಿಕೊಂಡಿದ್ದ. ಕಾರಿನ ಮುಂದೆ ಬಗ್ಗಿದ್ದೇ ತಡ, ಗಂಗಾಶ್ರೀ ಕಿರುಚಿದಳು.

"ಹತ್ರ ಹೋಗ್ಬೇಡ್ರೀ! ಬೆಂಕಿ!"

ಅವನು ಹಿಂದೆಮುಂದೆ ನೋಡಲಿಲ್ಲ. ಬಾಗಿಲ ಬಳಿಯಿದ್ದ ನೀರಿನ ಬಕೆಟ್ಟನ್ನೆತ್ತಿ ಇಡೀ ಬಕೆಟ್ಟನ್ನು ಬಾನೆಟ್ಟಿನ ಮೇಲೆ ಸುರಿದ. ನೀರು ಗಾಜಿನ ಮೇಲೆ ಹಾರಿ, ಅವನ ಶರ್ಟು ತೋಯಿಸಿ, ರಸ್ತೆಗೆ ಹರಿಯಿತು. ಪಕ್ಕದ ಪಂಕ್ಚರ್ ಅಂಗಡಿಯವರು ಎದ್ದು ನಿಂತರು.

"ಎಲ್ರೀ ಬೆಂಕಿ?" ಎಂದು ಅವನು ಕೇಳಿದ.

"ಇನ್ನೂ ಹತ್ತಿಲ್ಲ," ಎಂದಳು ಗಂಗಾಶ್ರೀ ಸಣ್ಣ ದನಿಯಲ್ಲಿ. "ಹತ್ತುತ್ತೇನೋ ಅಂತ."

ಅವನು ಖಾಲಿ ಬಕೆಟ್ಟು ಹಿಡಿದುಕೊಂಡೇ ಅವಳನ್ನು ನೋಡಿದ. ಬೈಯುತ್ತಾನೆ ಎಂದುಕೊಂಡಳು. ಅವನ ತುಟಿಯ ಒಂದು ಕೊನೆ ಮಾತ್ರ ಮೇಲೆ ಹೋಯಿತು, ಆಮೇಲೆ ಇನ್ನೊಂದು ಕೊನೆ.

"ಇದು ಫ್ಯಾನು ಮೇಡಮ್. ಬಾಂಬ್ ಅಲ್ಲ."

ಅವನ ಹೆಸರು ಚೌಡೇಶ್.

ಬಾನೆಟ್ ಎತ್ತುವಾಗ ಅವಳು ಮತ್ತೆರಡು ಹೆಜ್ಜೆ ಹಿಂದೆ ಸರಿದಳು. ಅದಕ್ಕೆ ಕಾರಣವಿತ್ತು. ಹದಿನೇಳು ವರ್ಷದವಳಿದ್ದಾಗ, ತಮ್ಮೂರು ಈಸೂರಿನಿಂದ ಬರುವ ದಾರಿಯಲ್ಲಿ ಇದೇ ಕಾರು ಕಾದು ನಿಂತಿತ್ತು. ಅಪ್ಪ ನೀರು ತರಲು ಹೋಗಿದ್ದಾಗ, ತಾನೇ ಸರಿಮಾಡಿ ತೋರಿಸುತ್ತೇನೆಂದು ರೇಡಿಯೇಟರಿನ ಮುಚ್ಚಳ ತಿರುಗಿಸಿದ್ದಳು. ಕುದಿನೀರು ಬುಗ್ಗೆಯಂತೆ ಎದ್ದು ಎಡತೋಳಿನ ಚರ್ಮವನ್ನೇ ಎಳೆದುಕೊಂಡು ಹೋಗಿತ್ತು. ಈಗ ಮೂವತ್ತರ ಹತ್ತಿರ. ತೋಳು ವಾಸಿಯಾಗಿತ್ತು, ಆದರೆ ಬಿಸಿಲಿನಲ್ಲೂ ತುಂಬುತೋಳಿನ ಚೂಡಿದಾರವನ್ನೇ ತೊಡುತ್ತಿದ್ದಳು. ಬಾನೆಟ್ಟನ್ನಂತೂ ಅಂದಿನಿಂದ ಮುಟ್ಟಿರಲಿಲ್ಲ. ಸೊರಬದ ಕಡೆ ಕೆಲಸ ಸಿಕ್ಕಾಗ ಅಪ್ಪ ಪರಮಶಿವಪ್ಪ ಹೊಸ ಕಾರು ಕೊಂಡು ಇದನ್ನು ಅವಳಿಗೆ ಕೊಟ್ಟಿದ್ದರು.

ಚೌಡೇಶ್ ರೇಡಿಯೇಟರಿನ ದಪ್ಪ ಪೈಪಿನ ಮೇಲೆ ಅಂಗೈಯಿಟ್ಟ. "ಉಗುರುಬೆಚ್ಚಗೈತೆ ಅಷ್ಟೇ. ಇದು ಬಿಸಿಗೆ ಓಡ್ತಾ ಇಲ್ಲ." ಫ್ಯೂಸಿನ ಡಬ್ಬಿ ತೆರೆದು ಬೆಂಕಿಪೊಟ್ಟಣದಷ್ಟು ಚಿಕ್ಕ ಕರಿ ಪೆಟ್ಟಿಗೆಯೊಂದನ್ನು ಎಳೆದ.

ಫ್ಯಾನು ನಿಂತಿತು. ರಸ್ತೆಯ ಬೇರೆಲ್ಲ ಸದ್ದುಗಳೂ ಒಮ್ಮೆಲೇ ಕೇಳಿಸತೊಡಗಿದವು.

"ಇದು ರಿಲೇ. ಫ್ಯಾನಿನ ಸ್ವಿಚ್ ಇದ್ದಂಗೆ. ಒಳಗೆ ಕಾದು ಕಾದು ಅಂಟಿಕೊಂಡುಬಿಟ್ಟೈತೆ. ಅದಕ್ಕೇ ಕೀ ತೆಗೆದ್ರೂ ನಿಲ್ತಿರಲಿಲ್ಲ." ಹೊಸದೊಂದನ್ನು ಒತ್ತಿ ಕೂರಿಸಿದ. "ಈಗ ಕೀ ಹಾಕ್ರಿ."

ಅವಳು ಬಾಗಿಲಿನಿಂದ ಕೈಯನ್ನಷ್ಟೇ ಚಾಚಿ ಕೀ ತಿರುಗಿಸಿದಳು. ಎಂಜಿನ್ ಇನ್ನೂ ಶುರುವಾಗಿರಲಿಲ್ಲ. ಫ್ಯಾನು ಆಗಲೇ ಬರ್ರೋ ಎಂದಿತು. ಅವಳು ಬೆಂಕಿ ತಾಗಿದವಳಂತೆ ಕೈ ಹಿಂದಕ್ಕೆಳೆದಳು.

ಚೌಡೇಶ್ ಹುಬ್ಬು ಗಂಟಿಕ್ಕಿದ. "ಇನ್ನೊಂದು ರೋಗ ಐತೆ ಹಂಗಾದ್ರೆ. ಎಂಜಿನ್ ಎಷ್ಟು ಬಿಸಿ ಆಗೈತೆ ಅಂತ ಕಂಪ್ಯೂಟರಿಗೆ ಸುದ್ದಿ ಕೊಡೋಕೆ ಒಂದು ಸೆನ್ಸರ್ ಇರುತ್ತೆ. ಅದರಿಂದ ಸುದ್ದಿ ಬರೋದು ನಿಂತ್ರೆ ಕಂಪ್ಯೂಟರ್ ಏನ್ ಮಾಡುತ್ತೆ ಗೊತ್ತಾ? ಹೆದರುತ್ತೆ. ಏನಾಗೈತೋ ಏನೋ, ಯಾವುದಕ್ಕೂ ಇರಲಿ ಅಂತ ಫ್ಯಾನ್ ಹಾಕಿ ಕೂತುಬಿಡುತ್ತೆ."

"ಕಂಪ್ಯೂಟರಿಗೂ ಹೆದರಿಕೆನಾ?"

"ಸುದ್ದಿ ಸಿಗದಿದ್ರೆ ಯಾರಿಗಾದ್ರೂ ಹೆದರಿಕೆ ಆಗುತ್ತೆ ಮೇಡಮ್. ತಪ್ಪೇನಿಲ್ಲ ಅದರಲ್ಲಿ."

ಕಳೆದ ಹನ್ನೆರಡು ವರ್ಷಗಳಲ್ಲಿ ಎಲ್ಲರೂ ಅವಳಿಗೆ, ಇಷ್ಟಕ್ಕೆಲ್ಲ ಹೆದರ್ತಾರಾ ಎಂದೇ ಹೇಳಿದ್ದರು. ತಪ್ಪೇನಿಲ್ಲ ಎಂದವನು ಇವನೊಬ್ಬನೇ.

"ಸೆನ್ಸರ್ ಶಿವಮೊಗ್ಗದಿಂದ ಬರ್ಬೇಕು. ಗುರುವಾರ ಬರ್ರಿ. ಅಲ್ಲೀ ತನಕ ಓಡಿಸ್ರಿ, ಏನಾಗಲ್ಲ. ಓಡೋ ಫ್ಯಾನಿಗೆ ಹೆದರಬೇಡಿ. ಓಡಬೇಕಾದಾಗ ಓಡ್ದೇ ಇರೋ ಫ್ಯಾನ್ ಐತಲ್ಲ, ಅದಕ್ಕೆ ಹೆದರಿ."

"ಸರಿ ಅಣ್ಣ."

ಅವನು ಒದ್ದೆ ಶರ್ಟಿನ ತುದಿ ಹಿಂಡುತ್ತಾ ಹೇಳಿದ, "ಒಂದು ಬಕೆಟ್ ನೀರು ನಿಮಗೋಸ್ಕರ ಸುರಿದೀನಿ. ಅಣ್ಣ ಅನ್ನೋದೊಂದು ಬಿಡ್ರಿ."

ಗಂಗಾಶ್ರೀ ಕಾರು ಹತ್ತಿದಳು. ಊರು ದಾಟುವವರೆಗೂ ಫ್ಯಾನಿನ ಸದ್ದು ಅವಳಿಗೆ ಕೇಳಿಸಲೇ ಇಲ್ಲ.

ಗುರುವಾರ ಅವನು ಸೆನ್ಸರ್ ಬದಲಿಸಿದ. ಬೆಳಗಿನ ತಣ್ಣನೆಯ ಎಂಜಿನ್ನಿಗೆ ಕೀ ಹಾಕಿದರೆ ಫ್ಯಾನು ಮೌನ. ಅವಳು ದೂರದಲ್ಲೇ ನಿಂತಿದ್ದಳು.

"ಬರ್ರಿ ಇಲ್ಲಿ. ಈ ಪೈಪ್ ಮುಟ್ಟಿ ನೋಡ್ರಿ."

"ಬೇಡ."

"ಮುಚ್ಚಳ ಮುಟ್ಟಬೇಡಿ. ಬಿಸಿ ಇದ್ದಾಗ ನಾನೂ ಮುಟ್ಟಲ್ಲ. ಪೈಪ್ ಮಾತ್ರ. ನಾನು ಮೊದಲು ಇಡ್ತೀನಿ."

ಅವನ ಕೈಯ ಪಕ್ಕದಲ್ಲೇ ಅವಳು ಎರಡು ಬೆರಳು ಇಟ್ಟಳು. ತಣ್ಣಗಿತ್ತು. ಬಗ್ಗಿದಾಗ ತೋಳು ಸರಿದು ಸುಟ್ಟ ಕಲೆಯ ಅಂಚು ಕಂಡಿತು. ಅವನ ಕಣ್ಣು ಅಲ್ಲಿ ಒಂದು ಕ್ಷಣ ನಿಂತು, ಏನೂ ಕಾಣದವನಂತೆ ಫ್ಯೂಸ್ ಡಬ್ಬಿಯತ್ತ ಹೋಯಿತು. ಅವನ ಬೆರಳುಗಳ ತುದಿಯಲ್ಲೂ ಬೆಸುಗೆ ತಾಗಿದ ಸಣ್ಣ ಸಣ್ಣ ಬಿಳಿಯ ಗುರುತುಗಳಿದ್ದವು. ಅವಳೂ ನೋಡಿದಳು. ಅವಳೂ ಕೇಳಲಿಲ್ಲ.

ಗಂಗಾಶ್ರೀಯ ಕೆಲಸ ಸೊರಬ ತಾಲೂಕಿನಲ್ಲಿ, ಕ್ಯಾಸನೂರಿನ ಕಡೆಯ ಕಾಡಂಚಿನ ಹಳ್ಳಿಯೊಂದರ ಆರೋಗ್ಯ ಉಪಕೇಂದ್ರದಲ್ಲಿ. ಬೇಸಿಗೆ ಬಂತೆಂದರೆ ಅಲ್ಲಿ ಮಂಗನ ಕಾಯಿಲೆಯ ಕಾಲ. ಒಣಗಿದ ತರಗೆಲೆಯಲ್ಲಿ ಸಾಸಿವೆ ಕಾಳಿನಷ್ಟು ಸಣ್ಣ ಉಣುಗುಗಳಿರುತ್ತವೆ. ಅವು ಕಚ್ಚಿದರೆ ಕೆಲವರಿಗೆ ಜ್ವರ ಬರುತ್ತದೆ, ಬಂದವರಲ್ಲಿ ಕೆಲವರು ಉಳಿಯುವುದಿಲ್ಲ. ಮನೆಮನೆಗೆ ಹೋಗಿ, ಕಾಡಿಗೆ ಹೋಗುವ ಮುಂಚೆ ಕೈಕಾಲಿಗೆ ಉಣುಗು ಓಡಿಸುವ ಎಣ್ಣೆ ಹಚ್ಚಿಕೊಳ್ಳಿ, ತರಗೆಲೆ ಮೇಲೆ ಕೂರಬೇಡಿ ಎಂದು ಹೇಳುವುದು, ಎಣ್ಣೆಯ ಬಾಟಲಿ ಹಂಚುವುದು, ಜ್ವರ ಬಂದವರ ಪಟ್ಟಿ ಮಾಡುವುದು ಅವಳ ದಿನದ ಕೆಲಸ. ಆ ಸಲ ಉಪಕೇಂದ್ರದ ಹಿಂದಿನ ಕಾಡಿನಲ್ಲೇ ಮಂಗವೊಂದು ಸತ್ತು ಬಿದ್ದಿತ್ತು. ವರದಿ ಬರೆದವಳೂ ಅವಳೇ.

ಮುಂದಿನ ಸೋಮವಾರ ಬೆಳಿಗ್ಗೆ ಉಪಕೇಂದ್ರದ ಬಳಿ ಕೀ ತಿರುಗಿಸಿದೊಡನೆ ಫ್ಯಾನು ಮತ್ತೆ ಬರ್ರೋ ಎಂದಿತು. ಗಂಗಾಶ್ರೀ ಬೆಚ್ಚಿ ಇಳಿದುಬಿಟ್ಟಳು. ಅಷ್ಟರಲ್ಲಿ ಒಳಗಿನಿಂದ ಯಾರೋ ಕರೆದರು. ಕೀ ಅಲ್ಲೇ ಉಳಿಯಿತು. ಅರ್ಧ ಗಂಟೆಯ ಮೇಲೆ ಬಂದು ನೋಡಿದರೆ ಬ್ಯಾಟರಿ ಪೂರ್ತಿ ಇಳಿದುಹೋಗಿತ್ತು.

ಫೋನು ಮಾಡಿದಾಗ ಚೌಡೇಶ್ ಪೂರ್ತಿ ಕೇಳಿಸಿಕೊಂಡ. "ಸೆನ್ಸರ್ ಹೊಸದು. ಹಂಗಾದ್ರೆ ವೈರಿಂದೇ ತಕರಾರು. ನಾನೇ ಬರ್ತೀನಿ."

"ನಲವತ್ತು ಕಿಲೋಮೀಟರ್ ಮೇಲಾಗುತ್ತೆ."

"ಆಗ್ಲಿ. ತಪ್ಪು ಹೇಳಿ ಕಳಿಸಿದವನು ನಾನಲ್ಲವಾ."

ಹನ್ನೊಂದು ಗಂಟೆಗೆ ಬೈಕಿನ ಸದ್ದು ಕೇಳಿಸಿತು. ಉಪಕೇಂದ್ರದೊಳಗೆ ಹದಿನೈದು ಜನ ಸಾಲಿನಲ್ಲಿ ಕೂತಿದ್ದರು. ಕಿಟಕಿಯಿಂದ ನೋಡಿದಳು. ಅವನು ಹೆಲ್ಮೆಟ್ ತೆಗೆದು, ಕೆದರಿದ ಕೂದಲಲ್ಲೇ ಅವಳನ್ನು ನೋಡಿ ನಕ್ಕ. ಅವಳ ಕೆನ್ನೆ ಬಿಸಿಯಾಯಿತು. ಸಾಲಿನಲ್ಲಿದ್ದ ಹೆಂಗಸರು ಅವಳ ಮುಖವನ್ನೇ ನೋಡುತ್ತಿದ್ದಾರೆ ಅನ್ನಿಸಿ, ಕಾರಿನತ್ತ ಕೈ ತೋರಿಸಿ ಸರ್ರನೆ ಒಳಗೆ ತಿರುಗಿಕೊಂಡಳು.

ಒಂದು ಗಂಟೆಯ ನಂತರ ಮಜ್ಜಿಗೆಯ ಲೋಟ ಹಿಡಿದು ಹೊರಗೆ ಬಂದಳು. ಕಾರು ಮರದ ಕೆಳಗಿತ್ತು. ಕಾರಿನ ಕೆಳಗಿನಿಂದ ಎರಡು ಕಾಲು ಚಾಚಿಕೊಂಡಿದ್ದವು. ಅವನು ಮಲಗಿದ್ದದ್ದು ದಪ್ಪಗೆ ಬಿದ್ದ ಒಣ ತರಗೆಲೆಯ ಮೇಲೆ.

ಗಂಗಾಶ್ರೀ ಲೋಟವನ್ನು ಅಲ್ಲೇ ಬಿಟ್ಟು ಓಡಿದಳು.

"ಏಳ್ರೀ! ಏಳ್ರೀ ಮೇಲೆ!"

ಅವನು ತೆವಳಿಕೊಂಡು ಹೊರಬಂದ. ಕೂದಲಲ್ಲಿ ಎಲೆ, ಬೆನ್ನ ತುಂಬ ಎಲೆ, ಮುಖದಲ್ಲಿ ಗೆದ್ದವನ ಕಳೆ. "ಸಿಕ್ತು ಮೇಡಮ್! ಇಲಿ! ಸೆನ್ಸರಿನ ವೈರು ಕೆಳಗೆ ಇಳಿಯೋ ಕಡೆ ಇಲಿ ಕಡಿದೈತೆ. ಒಂದೇ ಎಳೆ ಉಳಿದಿತ್ತು, ಒಮ್ಮೆ ತಾಗುತ್ತೆ, ಒಮ್ಮೆ ಬಿಡುತ್ತೆ. ಹೊಸ ವೈರು ಹಾಕಿ ಬೆಸೆದೀನಿ, ಬ್ಯಾಟರಿಗೂ ಚಾರ್ಜ್ ಕೊಟ್ಟೀನಿ, ಇನ್ನು ಜನ್ಮದಲ್ಲಿ..."

"ಎಣ್ಣೆ ಹಚ್ಚಿಕೊಂಡಿದ್ರಾ?"

"ಎಂಥ ಎಣ್ಣೆ?"

"ಶರ್ಟ್ ತೆಗೀರಿ."

"ಏನ್ರೀ?"

"ಶರ್ಟ್ ತೆಗೀರಿ ಅಂದೆ. ಬೇಗ!"

ಅವನು ಕಿವಿಯವರೆಗೂ ಕೆಂಪಾದ. ಏನೋ ತಮಾಷೆ ಮಾಡಲು ಬಾಯಿ ತೆರೆದವನು ಅವಳ ಮುಖ ನೋಡಿ ಬಾಯಿ ಮುಚ್ಚಿದ. ಅವಳು ಅವನನ್ನು ಬಿಸಿಲಿಗೆ ನಿಲ್ಲಿಸಿ, ಬೆನ್ನು, ಕಂಕುಳು, ಕಿವಿಯ ಹಿಂದೆ, ಒಂದೊಂದು ಇಂಚನ್ನೂ ನೋಡಿದಳು. ಕುತ್ತಿಗೆಯ ಹಿಂದೆ, ಕೂದಲು ಶುರುವಾಗುವಲ್ಲಿ ಅದು ಇತ್ತು. ಒಂದು ಕಂದು ಚುಕ್ಕೆ. ಚರ್ಮಕ್ಕೆ ಬಾಯಿ ಹಾಕಿ ಕೂತಿತ್ತು.

ಒಳಗಿನಿಂದ ಚಿಮಟ ತಂದು, ಅದರಲ್ಲಿ ಹಿಡಿದು ನೇರಕ್ಕೆ ಎಳೆದು ತೆಗೆದಳು. ಉಣುಗನ್ನು ಬಾಟಲಿಗೆ ಹಾಕಿ ಮುಚ್ಚಳ ತಿರುಗಿಸಿದಳು.

"ಹಿಂದಿನ ಕಾಡಲ್ಲಿ ಮಂಗ ಸತ್ತಿದೆ," ಎಂದಳು. "ಎಲ್ಲ ಉಣುಗೂ ಕಾಯಿಲೆ ತರಲ್ಲ. ಹೆಚ್ಚಿನವು ತರಲ್ಲ. ಆದರೆ ಎಂಟು ದಿನ ಜ್ವರ ನೋಡ್ಕೋಬೇಕು. ದಿನಾ. ಈಗ ಸೋಪು ಹಾಕಿ ಸ್ನಾನ ಮಾಡಿ, ಬಟ್ಟೆ ಬಿಸಿನೀರಲ್ಲಿ ನೆನೆಸಿ."

ಅವನು ಕುತ್ತಿಗೆ ಸವರಿಕೊಂಡ. "ನೀವ್ಯಾಕೆ ಅಳ್ತಿದೀರ?"

"ಅಳ್ತಿಲ್ಲ," ಎಂದಳು. ಕಣ್ಣೀರು ಗಲ್ಲದವರೆಗೂ ಬಂದಿತ್ತು.

ಮಂಗಳವಾರ ಬೆಳಿಗ್ಗೆ ಏಳಕ್ಕೆ ಅವಳೇ ಫೋನು ಮಾಡಿದಳು.

"ಜ್ವರ ಇದ್ಯಾ?"

"ಗುಡ್ ಮಾರ್ನಿಂಗ್ ಅಂತಾರೆ ಮೊದಲು."

"ಎಷ್ಟಿದೆ ಹೇಳ್ರಿ."

"ತೊಂಬತ್ತೆಂಟು ಪಾಯಿಂಟ್ ನಾಲ್ಕು. ನಮ್ಮಕ್ಕ ಕೇಳ್ತಿದಾಳೆ, ಹೊಸ ಥರ್ಮಾಮೀಟರ್ ಯಾಕೋ ನಿನಗೆ ಅಂತ. ಏನ್ ಹೇಳ್ಲಿ?"

"ನಿಜ ಹೇಳಿ."

"ನಿಜ ಹೇಳಿದ್ರೆ ಹೆಸರು ಕೇಳ್ತಾಳೆ."

ಬುಧವಾರ ಅದೇ ಲೆಕ್ಕ, ಗುರುವಾರವೂ ಅದೇ. ಜ್ವರದ ಮಾತು ಅರ್ಧ ನಿಮಿಷದಲ್ಲಿ ಮುಗಿಯುತ್ತಿತ್ತು. ಆಮೇಲೆ ಅರ್ಧ ಗಂಟೆ ಬೇರೆ ಮಾತು. ಅವನಿಗೆ ಅಪ್ಪ ಅಮ್ಮ ಇಲ್ಲ, ಬಟ್ಟೆ ಹೊಲಿಯುವ ಅಕ್ಕ ಸಂಗೀತಳೇ ಸಾಕಿದ್ದು. ಅವನಿಗೆ ಈಜು ಬರುತ್ತದೆ, ಆದರೆ ಮೀನು ಕಂಡರೆ ಅಸಹ್ಯ. ಅವಳು ತೋಳಿನ ಕಲೆಯ ಕಥೆ ಹೇಳಿದಳು. ಅವನು, "ಅವತ್ತು ತುಂಬ ನೋವಾಯ್ತಾ?" ಎಂದ. ಆ ಪ್ರಶ್ನೆಯನ್ನು ಅಷ್ಟು ಮೆಲ್ಲಗೆ ಯಾರೂ ಕೇಳಿರಲಿಲ್ಲ.

ಆ ದನಿ ಇಷ್ಟವಾದಷ್ಟೂ ಅವಳಿಗೆ ಹೆದರಿಕೆ ಹೆಚ್ಚುತ್ತಿತ್ತು. ಫೋನಿಟ್ಟ ಮೇಲೆ ಗೋಡೆಯ ಕ್ಯಾಲೆಂಡರಿನಲ್ಲಿ ಸೋಮವಾರದಿಂದ ಎಂಟು ಮನೆ ಎಣಿಸುವಳು, ಮತ್ತೆ ಎಣಿಸುವಳು.

ಶುಕ್ರವಾರ ತೊಂಬತ್ತೆಂಟು ಪಾಯಿಂಟ್ ನಾಲ್ಕು ಎಂದ. ಶನಿವಾರವೂ ಅದೇ. ದನಿ ಸ್ವಲ್ಪ ಒಡೆದಂತಿತ್ತು. ನಿದ್ದೆಗಣ್ಣು ಎಂದ.

ಭಾನುವಾರ ಫೋನು ಎತ್ತಲಿಲ್ಲ.

ಏಳಕ್ಕೆ, ಏಳೂಕಾಲಿಗೆ, ಏಳೂವರೆಗೆ ಮಾಡಿದಳು. ಎಂಟಕ್ಕೆ ಕಾರಿನಲ್ಲಿದ್ದಳು. ಸೊರಬ ದಾಟಿದ್ದು, ಶಿರಾಳಕೊಪ್ಪ ದಾಟಿದ್ದು ಅವಳಿಗೆ ನೆನಪಿಲ್ಲ.

ಅಂಗಡಿಯ ಹಿಂದಿನ ಮನೆಯ ಬಾಗಿಲು ತೆರೆದವಳು ಸಂಗೀತ. ಗಂಗಾಶ್ರೀಯನ್ನು ಅಡಿಯಿಂದ ಮುಡಿವರೆಗೆ ನೋಡಿ, "ನೀವೇನಾ ಥರ್ಮಾಮೀಟರು?" ಎಂದವಳೇ ಅತ್ತುಬಿಟ್ಟಳು. "ಶುಕ್ರವಾರದಿಂದ ಸುಡ್ತಾ ಇದೆ ಮೈ. ಯಾರಿಗೂ ಹೇಳ್ಬೇಡ ಅಂದ."

ಚೌಡೇಶ್ ಎರಡು ಕಂಬಳಿ ಹೊದ್ದು ಮಲಗಿದ್ದ. ಕಣ್ಣು ಕೆಂಡದಂತಿತ್ತು. ಅವಳನ್ನು ಕಂಡು ಏಳಲು ಹೋಗಿ ತಲೆ ಹಿಡಿದುಕೊಂಡ.

"ಸುಳ್ಳು ಹೇಳಿದ್ರಾ ನಂಗೆ?"

"ನೀವು ಹೆದರ್ತೀರ ಅಂತ..."

"ಸುದ್ದಿ ಸಿಗದಿದ್ರೆ ಹೆದರಲ್ವಾ ಮನುಷ್ಯರು?" ಅವಳ ದನಿ ಚೀರುವ ಮಟ್ಟಕ್ಕೆ ಹೋಯಿತು. "ಎರಡು ದಿನ ಹೋಯ್ತು! ಎರಡು ದಿನ!"

ಊರಿನ ಆಸ್ಪತ್ರೆಯಲ್ಲಿ ವೈದ್ಯರು ರಕ್ತ ನೋಡಿದರು. ಪ್ಲೇಟ್‌ಲೆಟ್ ಇಳಿದಿದೆ, ತಡಮಾಡದೆ ಶಿವಮೊಗ್ಗಕ್ಕೆ ಕರೆದೊಯ್ಯಿರಿ ಎಂದರು. ಆಂಬುಲೆನ್ಸ್ ಎರಡೂ ಬೇರೆ ಕಡೆ ಹೋಗಿದ್ದವು, ಬರಲು ಒಂದೂವರೆ ಗಂಟೆ. ಗಂಗಾಶ್ರೀ ಕಾಯಲಿಲ್ಲ. ಅವನನ್ನು ಮುಂದಿನ ಸೀಟಿನಲ್ಲಿ ಒರಗಿಸಿ, ಸಂಗೀತಳನ್ನು ಹಿಂದೆ ಕೂರಿಸಿ ಹೊರಟಳು.

ಅರ್ಧ ದಾರಿಯ ಸೇತುವೆಯೊಂದರ ಮೇಲೆ ಹುಲ್ಲು ತುಂಬಿದ ಲಾರಿ ಆಕ್ಸಲ್ ಮುರಿದು ಅಡ್ಡ ನಿಂತಿತ್ತು. ಹಿಂದೆ ಬಸ್ಸು, ಮುಂದೆ ಟ್ರ್ಯಾಕ್ಟರು. ತಿರುಗಿಸಲು ಜಾಗವಿಲ್ಲ. ಚೈತ್ರದ ಮಧ್ಯಾಹ್ನ. ಅವನಿಗಾಗಿ ಎ.ಸಿ. ಹಾಕೋಣವೆಂದರೆ ಅದು ಕೆಟ್ಟು ಯಾವ ಕಾಲವಾಗಿತ್ತೋ. ಎಂಜಿನ್ ನಿಲ್ಲಿಸಿದರೆ ಆ ಹಳೆಯ ಬ್ಯಾಟರಿ ಮತ್ತೆ ಎತ್ತುತ್ತದೋ ಇಲ್ಲವೋ ಎಂದು ಅದನ್ನೂ ನಿಲ್ಲಿಸಲಿಲ್ಲ.

ಹತ್ತು ನಿಮಿಷವಾಯಿತು. ಬಿಸಿ ತೋರಿಸುವ ಮುಳ್ಳು ಮೇಲೇರತೊಡಗಿತು.

ಗಂಗಾಶ್ರೀ ಕಿವಿಗೊಟ್ಟಳು. ಫ್ಯಾನು ಇಲ್ಲ. ಇಷ್ಟು ದಿನ ಬೇಡವೆಂದರೂ ಓಡುತ್ತಿದ್ದುದು ಈಗ ಸುಮ್ಮನಿತ್ತು. ಅವಳ ಎಡತೋಳಿನ ಕಲೆ ಉರಿಯಲಾರಂಭಿಸಿತು, ಹದಿನೇಳನೆಯ ವರ್ಷದಲ್ಲಿ ಉರಿದಂತೆಯೇ. ಬಾಗಿಲು ತೆರೆದು ಓಡಿಬಿಡಬೇಕು ಅನ್ನಿಸಿತು. ಪಕ್ಕದಲ್ಲಿ ಅವನ ಉಸಿರು ಬಿಸಿ ಹಬೆಯಂತೆ ಬರುತ್ತಿತ್ತು. ಅವಳು ಸ್ಟೇರಿಂಗನ್ನು ಎರಡೂ ಕೈಯಿಂದ ಹಿಡಿದು ಕೂತಳು.

"ಚೌಡೇಶ್. ಫ್ಯಾನ್ ಬರ್ತಾ ಇಲ್ಲ."

ಅವನು ಕಣ್ಣು ತೆರೆಯಲಿಲ್ಲ. "ಮುಳ್ಳು ಎಲ್ಲೈತೆ?"

"ಅರ್ಧಕ್ಕೆ ಬಂತು."

"ಅರ್ಧ ದಾಟ್ಲಿ."

"ದಾಟಿದ ಮೇಲೂ ಬರದಿದ್ರೆ?"

"ಬರುತ್ತೆ." ಅವನ ಕೈ ಸೀಟಿನ ಮೇಲೆ ಹುಡುಕುತ್ತಾ ಬಂದು ಅವಳ ಮೊಣಕೈಯ ಬಳಿ ನಿಂತಿತು. ಸುಡುವ ಕೈ. "ನಾನೇ ಬೆಸೆದೀನಲ್ಲ. ಕೇಳಿಸ್ಕೊಳ್ಳಿ."

ಮುಳ್ಳು ಅರ್ಧ ದಾಟಿತು. ಕೂದಲೆಳೆಯಷ್ಟು, ಇನ್ನೊಂದು ಕೂದಲೆಳೆಯಷ್ಟು. ಹಿಂದಿನಿಂದ ಸಂಗೀತ ಶಿವ ಶಿವ ಎನ್ನುತ್ತಿದ್ದಳು. ಗಂಗಾಶ್ರೀ ಉಸಿರು ಹಿಡಿದಿದ್ದಳು.

ಟಿಕ್ ಎಂದಿತು. ಆಮೇಲೆ ಬರ್ರೋ ಎಂದು ಫ್ಯಾನು ಎದ್ದಿತು.

ಅವಳು ಸ್ಟೇರಿಂಗಿಗೆ ಹಣೆ ಹಚ್ಚಿ ಬಿಕ್ಕಿ ಬಿಕ್ಕಿ ಅತ್ತಳು. ಮುಳ್ಳು ನಿಧಾನವಾಗಿ ಕೆಳಗಿಳಿಯಿತು. ಒಂದೆರಡು ನಿಮಿಷ ಓಡಿ, ಕೆಲಸ ಮುಗಿಯಿತೆಂಬಂತೆ ಫ್ಯಾನು ತಾನಾಗಿಯೇ ನಿಂತಿತು. ಲಾರಿಯನ್ನು ಬದಿಗೆ ತಳ್ಳುವಷ್ಟರಲ್ಲಿ ಇನ್ನೂ ಎರಡು ಸಲ ಎದ್ದಿತು, ಎರಡು ಸಲ ನಿಂತಿತು. ಅವಳ ಮೊಣಕೈಯ ಮೇಲಿದ್ದ ಕೈ ಶಿವಮೊಗ್ಗದವರೆಗೂ ಅಲ್ಲೇ ಇತ್ತು.

ಪರೀಕ್ಷೆಯ ಫಲಿತಾಂಶ ಮರುದಿನ ಬಂತು. ಮಂಗನ ಕಾಯಿಲೆಯೇ.

ಹನ್ನೊಂದು ದಿನ ಆಸ್ಪತ್ರೆಯಲ್ಲಿ. ಮೂರನೆಯ ದಿನ ಅವನ ಒಸಡಿನಿಂದ ರಕ್ತ ಬಂತು. ನಾಲ್ಕನೆಯ ದಿನ ಅಕ್ಕನನ್ನೂ ಗುರುತಿಸಲಿಲ್ಲ. ಗಂಗಾಶ್ರೀ ಮಧ್ಯಾಹ್ನದವರೆಗೆ ಹಳ್ಳಿಯ ಮನೆಗಳಲ್ಲಿ ಎಣ್ಣೆ ಹಂಚಿ, ಅಲ್ಲಿಂದ ನೇರ ಶಿವಮೊಗ್ಗಕ್ಕೆ ಬಂದು ವಾರ್ಡಿನ ಬೆಂಚಿನಲ್ಲಿ ಕೂರುತ್ತಿದ್ದಳು. ಊರವರಿಗೆ ಕಾಯಿಲೆಯ ಬಗ್ಗೆ ಧೈರ್ಯ ಹೇಳುವ ಮಾತುಗಳೆಲ್ಲ ಬಾಯಿಪಾಠವಿದ್ದವು. ಒಂದೂ ಅವಳಿಗೆ ಉಪಯೋಗಕ್ಕೆ ಬರಲಿಲ್ಲ.

ಅಪ್ಪ ಫೋನು ಮಾಡಿದರು. "ದಿನಾ ಶಿವಮೊಗ್ಗದಲ್ಲಿರ್ತೀಯಂತೆ. ಯಾರಮ್ಮ ಅದು, ಆಸ್ಪತ್ರೇಲಿರೋದು?"

"ಕಾರ್ ರಿಪೇರಿ ಮಾಡ್ತಾರಪ್ಪ. ಫ್ಯಾನಿಂದು."

"ಫ್ಯಾನ್ ರಿಪೇರಿಯವನಿಗೆ ಇಷ್ಟು ದಿನ ಕಾವಲಾ?"

ಡಾಕ್ಟರು ಬಂದರು ಎಂದು ಹೇಳಿ ಅವಳು ಫೋನಿಟ್ಟಳು.

ಆರನೆಯ ದಿನ ಜ್ವರ ಇಳಿಯಿತು. ಏಳನೆಯ ದಿನ ಅವನು ಕಣ್ಣು ತೆರೆದು ಅವಳನ್ನು ಗುರುತಿಸಿದ. ಕೆನ್ನೆ ಒಳಗೆ ಹೋಗಿ ಕಣ್ಣು ಮಾತ್ರ ದೊಡ್ಡದಾಗಿತ್ತು.

"ಗುಡ್ ಮಾರ್ನಿಂಗ್ ಅಂತಾರೆ ಮೊದಲು," ಎಂದ.

ಅವಳು ನಗಲಿಲ್ಲ. ಏಳು ದಿನದಿಂದ ಒಳಗೇ ಇಟ್ಟುಕೊಂಡಿದ್ದನ್ನು ಹೇಳಿಬಿಟ್ಟಳು. "ಎಣ್ಣೆ ಬಾಟಲಿ ನನ್ನ ಟೇಬಲ್ ಮೇಲೇ ಇತ್ತು. ಕೈಗೆ ಎಟುಕೋ ಹಾಗೆ. ನೀವು ಬೈಕ್ ಇಳಿದು ನಕ್ರಲ್ಲ, ನಂಗೆ ನಾಚಿಕೆಯಾಯ್ತು. ಒಳಗೆ ಓಡಿಬಿಟ್ಟೆ. ಇಡೀ ಊರಿಗೆ ಹೇಳೋಳು ನಿಮಗೊಬ್ಬರಿಗೆ ಹೇಳ್ಲಿಲ್ಲ. ಇದೆಲ್ಲ ನನ್ನಿಂದ ಆಗಿದ್ದು."

ಅವನು ಯೋಚಿಸಿದ. ಮಾತಾಡಲು ಅವನಿಗೆ ಶಕ್ತಿ ಕೂಡಿಸಿಕೊಳ್ಳಬೇಕಾಗಿತ್ತು.

"ನನ್ನ ನಗೂಗೆ ನಾಚಿಕೊಂಡ್ರಾ?"

"ನಾನು ಏನು ಹೇಳ್ತಿದೀನಿ, ನೀವು ಏನು ಕೇಳ್ತಿದೀರ!"

"ನಂಗೆ ಬೇಕಾಗಿದ್ದನ್ನ ಕೇಳ್ತಿದೀನಿ." ಆಮೇಲೆ ನಗು ಬಿಟ್ಟು ಹೇಳಿದ, "ಕಾಡಂಚಿಗೆ ಬರ್ತಿದೀನಿ ಅಂತ ನಂಗೆ ಗೊತ್ತಿರಲಿಲ್ವಾ? ನಾನೂ ಮರೆತೆ. ವೈರ್ ಹುಡುಕೋ ಗಡಿಬಿಡಿ. ಹುಡುಕಿ ನಿಮ್ಮ ಮುಂದೆ ಹಿಡಿದು ತೋರಿಸಬೇಕು ಅಂತ. ಅಂಥ ಹುಚ್ಚು ನಂದು. ನಿಮ್ಮೊಬ್ಬರದೇ ತಪ್ಪು ಮಾಡ್ಕೋಬೇಡಿ."

ಮನೆಗೆ ಕಳಿಸುವ ದಿನ ವೈದ್ಯರು ಸಂಗೀತಳಿಗೆ ಒಂದು ಮಾತು ಹೇಳಿದರು. ಗಂಗಾಶ್ರೀಗೆ ಅದು ಮೊದಲೇ ಗೊತ್ತಿತ್ತು. ಈ ಕಾಯಿಲೆ ಕೆಲವರಲ್ಲಿ ಬಿಟ್ಟುಹೋದಂತೆ ಮಾಡಿ ಒಂದೆರಡು ವಾರಕ್ಕೆ ಮತ್ತೆ ಬರುತ್ತದೆ, ಆಗ ತಲೆಗೇರುತ್ತದೆ. ಎಲ್ಲರಿಗೂ ಅಲ್ಲ. ಆದರೆ ಮೂರು ವಾರ ಎಚ್ಚರ.

ಹತ್ತು ದಿನದ ಮೇಲೆ, ಒಂದು ಭಾನುವಾರದ ಇಳಿಬಿಸಿಲಿನಲ್ಲಿ ಅವನು ಮನೆಯೊಳಗೆ ಕೂತು ಬೇಸರವಾಗಿದೆ ಎಂದ. ಗಂಗಾಶ್ರೀ ಅವನನ್ನು ಅಂಜನಾಪುರದ ಜಲಾಶಯದ ಏರಿಗೆ ಕರೆದುಕೊಂಡು ಹೋದಳು. ನೀರು ಬಹಳ ಕೆಳಗಿಳಿದಿತ್ತು. ಬಿರುಕು ಬಿಟ್ಟ ಕೆಸರಿನ ಅಂಚಿನಲ್ಲಿ ಬೆಳ್ಳಕ್ಕಿಗಳು ಸಾಲಾಗಿ ನಿಂತಿದ್ದವು. ಅವನು ನಾಲ್ಕು ಹೆಜ್ಜೆಗೊಮ್ಮೆ ನಿಂತು ನಿಂತು ನಡೆದು, ಕಲ್ಲಿನ ಮೇಲೆ ಕೂತ. ಅವಳು ಎಂದಿನಂತೆ ಹಣೆ ಮುಟ್ಟಿ ನೋಡಿದಳು. ಮುಟ್ಟಿದ ಕೈಯನ್ನು ಅವನು ಕೆಳಗಿಳಿಸಲು ಬಿಡಲಿಲ್ಲ, ತನ್ನ ಕೈಯಲ್ಲಿ ಹಿಡಿದುಕೊಂಡ.

"ತಣ್ಣಗಿದೀನಾ?"

"ತಣ್ಣಗಿದೀರ."

"ಇನ್ನು ಹನ್ನೊಂದು ದಿನ ಉಳೀತು. ಅದು ಕಳೀಲಿ. ಆಮೇಲೆ ನಿಮ್ಮನ್ನ ಒಂದು ಮಾತು ಕೇಳ್ಬೇಕು."

"ಈಗಲೇ ಕೇಳಿ."

"ಈಗ ಕೇಳೋದು ಸರಿಯಲ್ಲ ಗಂಗಾ." ಮೊದಲ ಸಲ ಅವನು ಮೇಡಮ್ ಅನ್ನಲಿಲ್ಲ. "ನಾಳೆ ಏನಾದ್ರೂ ಆದ್ರೆ? ಜ್ವರ ಮತ್ತೆ ಬಂದ್ರೆ? ಮಾತು ಕೊಟ್ಟು ನೀವು ಸಿಕ್ಕಿಹಾಕ್ಕೊಳ್ಳೋದು ಬೇಡ."

ಗಂಗಾಶ್ರೀ ನೀರನ್ನೇ ನೋಡುತ್ತಿದ್ದಳು. ನಾಲ್ಕು ವಾರಗಳಿಂದ ಅವಳ ಮೈಯೊಳಗೆ ಇದ್ದ ಭಯ ಎಲ್ಲಿಗೂ ಹೋಗಿರಲಿಲ್ಲ. ಅವನು ಕೆಮ್ಮಿದರೆ ಎದೆ ಧಸಕ್ಕೆನ್ನುತ್ತಿತ್ತು. ಮಾತಿನ ನಡುವೆ ಒಂದು ಹೆಸರು ಮರೆತರೆ ಧಸಕ್ಕೆನ್ನುತ್ತಿತ್ತು. ಹನ್ನೊಂದು ದಿನ ಕಳೆದ ಮೇಲೂ ಅದು ಹೋಗುವುದಿಲ್ಲ ಎಂದು ಅವಳಿಗೆ ಆಗ ಗೊತ್ತಾಯಿತು. ಇವನ ಮೇಲೆ ಪ್ರೀತಿ ಇರುವಷ್ಟು ದಿನವೂ ಅದು ಇರುತ್ತದೆ.

"ಹೆದರಿಕೆ ಹೋಗ್ಲಿ ಅಂತ ಕಾಯ್ತಾ ಕೂತ್ರೆ ಇಬ್ರೂ ಮುದುಕರಾಗ್ತೀವಿ," ಎಂದಳು. "ನೀವು ಕೇಳದಿದ್ರೂ ನಂದು ಹೂಂ. ಜ್ವರ ಬಂದ್ರೂ ಹೂಂ. ಬರದಿದ್ರೂ ಹೂಂ."

ಅವನು ಅವಳ ಎಡಗೈಯ ತೋಳಿನ ಬಟ್ಟೆಯನ್ನು ಮೆಲ್ಲಗೆ ಮೇಲಕ್ಕೆ ಸರಿಸಿ, ಸುಟ್ಟ ಕಲೆಯ ಮೇಲೆ ಬೆಸುಗೆ ತಾಗಿದ ಬೆರಳಿಟ್ಟ. ಅವಳು ತೋಳನ್ನು ಹಿಂದಕ್ಕೆಳೆಯಲಿಲ್ಲ. ಅವನ ಗಲ್ಲದ ಮೇಲೆ ನೀರಿಳಿದದ್ದನ್ನು ತನ್ನ ದುಪಟ್ಟಾದ ತುದಿಯಿಂದ ಒರೆಸಿದಳು.

"ನಿಮ್ಮಪ್ಪ ಒಪ್ತಾರಾ?" ಎಂದ. "ನಮ್ಮ ಮನೆತನ ಬೇರೆ, ನಿಮ್ಮದು ಬೇರೆ. ಜಮೀನು ಇಲ್ಲ ನಂಗೆ. ಅಂಗಡಿ ಒಂದೈತೆ ಅಷ್ಟೇ."

"ಗೊತ್ತಿಲ್ಲ. ಕೇಳ್ತೀನಿ."

"ಯಾವಾಗ?"

"ಈಗಲೇ. ಇಲ್ಲಿಂದ ಈಸೂರು ಎಷ್ಟು ದೂರ? ನೀವು ಕಾರಲ್ಲೇ ಕೂತಿರಿ. ನಾನು ಒಳಗೆ ಹೋಗಿ ಮಾತಾಡ್ತೀನಿ."

"ಹೆದರಿಕೆ ಆಗ್ತಿಲ್ವಾ?"

"ಆಗ್ತಿದೆ," ಎಂದಳು ಗಂಗಾಶ್ರೀ. ಕೈ ಹಿಡಿದು ಅವನನ್ನು ಎಬ್ಬಿಸಿದಳು. "ತುಂಬಾ ಆಗ್ತಿದೆ. ಬನ್ನಿ, ಹೋಗೋಣ."